ಕೊನೆಯ ಓದುಗನಿಗೂ ತಲುಪಲಿ ಪುಸ್ತಕ

ಯಾದಗಿರಿ ಜಿಲ್ಲೆಯ ನಾರಾಯಣಪುರದ ಬಳಿ ಕೃಷ್ಣಾ ನದಿಗೆ ಕಟ್ಟಿದ ಬಸವಸಾಗರ ಅಣೆಕಟ್ಟೆ ಪೂರ್ಣಗೊಂಡದ್ದು 1982ರಲ್ಲಿ. ಅದರ ಎಡದಂಡೆ ಕಾಲುವೆ ಸುರಪುರ, ಶಹಾಪುರ ಸೀಮೆಯ ಹೊಲಗಳಿಗೆ ನೀರುಣಿಸುತ್ತದೆ. ಅಣೆಕಟ್ಟೆ ತುಂಬಿದರೆ ಸಾಲದು, ಕಾಲುವೆಯ ಕೊನೆಯ ಹೊಲಕ್ಕೂ ನೀರು ಹರಿಯಬೇಕು ಎಂಬುದನ್ನು ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗ್ರಂಥಾಲಯದ ಮಾತೂ ಹೀಗೆಯೇ. ಕಪಾಟು ತುಂಬಿದ್ದೂ ಓದುವ ಮಕ್ಕಳ ಕೈಗೆ ಪುಸ್ತಕ ಸಿಗದಿದ್ದರೆ ಪ್ರಯೋಜನವೇನು?

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.4 ಇದ್ದರೆ, ಯಾದಗಿರಿಯದು ಶೇ 51.8, ಜಿಲ್ಲೆಗಳಲ್ಲೆಲ್ಲ ಅತಿ ಕಡಿಮೆ. ಮನೆಯಲ್ಲಿ ಪುಸ್ತಕವಿಲ್ಲದ, ಪಾಠ ಹೇಳಿಕೊಡಬಲ್ಲ ಹಿರಿಯರಿಲ್ಲದ ಮಕ್ಕಳಿಗೆ ಊರಿನ ಗ್ರಂಥಾಲಯವೇ ಎರಡನೆಯ ಶಾಲೆ.

ಮೊದಲು ಕೇಳು, ಆಮೇಲೆ ಮಾಡು

ಇಂಥ ಸೇವೆಯನ್ನು ಸುಧಾರಿಸಲು ಈಗ ಬಳಕೆಯಲ್ಲಿರುವ ಒಂದು ಕ್ರಮ 'ಡಿಸೈನ್ ಥಿಂಕಿಂಗ್', ಅಂದರೆ ವಿನ್ಯಾಸ ಚಿಂತನೆ. ಹೆಸರು ದೊಡ್ಡದು, ಹುರುಳು ಸರಳ. ಬಳಸುವವರ ಕಷ್ಟವನ್ನು ಕಂಡು, ಕೇಳಿ ತಿಳಿಯುವುದು, ಹಲವು ಉಪಾಯ ಯೋಚಿಸುವುದು, ಒಂದನ್ನು ಸಣ್ಣದಾಗಿ ಮಾಡಿ ನೋಡುವುದು, ತಪ್ಪಿದ್ದರೆ ತಿದ್ದುವುದು. ಅಮೆರಿಕದ ಶಿಕಾಗೊ ಮತ್ತು ಡೆನ್ಮಾರ್ಕಿನ ಆರ್ಹುಸ್ ನಗರಗಳ ಸಾರ್ವಜನಿಕ ಗ್ರಂಥಾಲಯಗಳು ಐಡಿಯೊ ಎಂಬ ವಿನ್ಯಾಸ ಸಂಸ್ಥೆಯೊಡನೆ ಸೇರಿ ಇದಕ್ಕೊಂದು ಕೈಪಿಡಿಯನ್ನೇ ಸಿದ್ಧಪಡಿಸಿದವು. ಅದು 2015ರ ಹೊತ್ತಿಗೆ ಹೊರಬಂತು.

ನಮಗೆ ಈ ವಿಚಾರ ಹೊಸದೇನಲ್ಲ. 1931ರಲ್ಲಿ ಎಸ್.ಆರ್. ರಂಗನಾಥನ್ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಸಲಿಕ್ಕೆ, ಓದುಗರ ಹೊತ್ತು ಹಾಳಾಗಬಾರದು ಎಂಬುದು ಅವುಗಳ ತಿರುಳು. ಅದೇ ವರ್ಷ ಅಂದಿನ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳು ಹಳ್ಳಿಗಳಿಗೆ ಹೊರಟವು. ಓದುಗ ಬರಲಾರದಿದ್ದರೆ ಗ್ರಂಥಾಲಯವೇ ಹೋಗಬೇಕು ಎಂಬುದೂ ವಿನ್ಯಾಸ ಚಿಂತನೆಯೇ ತಾನೆ? ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು.

ಹಳ್ಳಿಯಲ್ಲಿ ಬದಲಾವಣೆ

ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ ರೂಪುಗೊಂಡದ್ದು 1965ರಲ್ಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಕೋವಿಡ್‌ನಿಂದ ಶಾಲೆಗಳ ಬಾಗಿಲು ಮುಚ್ಚಿತ್ತು. ಓದು ಮರೆಯುವ ಮಕ್ಕಳಿಗಾಗಿ 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಅಭಿಯಾನ ಶುರುವಾಯಿತು. 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಯಿತು. ಗಟ್ಟಿಯಾಗಿ ಓದುವುದು, ಕಥೆ ಹೇಳುವುದು ಸೇರಿದವು. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚಿರುವ ಈ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂಬ ಹೊಸ ಹೆಸರೂ ಬಂತು.

ಹೆಸರು ಬದಲಾದರೆ ಕೆಲಸ ಮುಗಿಯಲಿಲ್ಲ. ಪ್ರತಿ ಊರಿನ ಅಡ್ಡಿಯೂ ಬೇರೆ. ಒಂದು ಕಡೆ ಮಕ್ಕಳಿಗೆ ಬಿಡುವಾಗುವ ಹೊತ್ತಿಗೆ ಬೀಗ, ಇನ್ನೊಂದು ಕಡೆ ಹುಡುಗಿಯರು ಕೂರಲು ಸಂಕೋಚ, ಮತ್ತೊಂದು ಕಡೆ ಕೈಗೆಟುಕದ ಎತ್ತರದ ಕಪಾಟು. ಕಾರಣ ತಿಳಿಯದೆ ಹೊಸ ಪುಸ್ತಕ ತರಿಸಿದರೆ ಅವೂ ಧೂಳು ತಿನ್ನುತ್ತವೆ.

ವಿದ್ಯಾರ್ಥಿಗಳು ಮಾಡಬಹುದಾದ್ದು

ಒಂದು ವಾರ, ಯಾರು ಯಾವ ಹೊತ್ತಿಗೆ ಬರುತ್ತಾರೆ, ಏನು ಕೇಳುತ್ತಾರೆ ಎಂದು ಬರೆದಿಡಿ. ಬಾರದ ಹತ್ತು ಮಂದಿಯನ್ನು ಏಕೆಂದು ಕೇಳಿ. ಕಂಡ ಅಡ್ಡಿಗಳಲ್ಲಿ ಒಂದನ್ನು ಆರಿಸಿ, ಗ್ರಂಥಪಾಲಕರ ಒಪ್ಪಿಗೆ ಪಡೆದು ಹದಿನೈದು ದಿನ ಹೊಸ ಏರ್ಪಾಡು ಮಾಡಿ ನೋಡಿ: ಹುಡುಗಿಯರಿಗೆ ಒಂದು ಮೇಜು, ಮಕ್ಕಳ ಪುಸ್ತಕಕ್ಕೆ ಕೆಳಗಿನ ಅರೆ. ಫಲ ಕಂಡರೆ ಬರೆದಿಟ್ಟ ಲೆಕ್ಕದೊಂದಿಗೆ ಪಂಚಾಯಿತಿಯ ಮುಂದಿಡಿ. ಪಾಲಕರು ಗ್ರಾಮಸಭೆಯಲ್ಲಿ ಈ ಪ್ರಶ್ನೆ ಎತ್ತಲಿ. ರಸ್ತೆ, ನೀರಿನಷ್ಟೇ ಪುಸ್ತಕವೂ ಊರಿನ ಹಕ್ಕು.