ನಾಲ್ಕನೇ ಸ್ಥಾನದ ಆಚೆಗಿನ ಅದಿತಿ

ಅರೋರಾ ಎಂದೊಡನೆ ಷಿಕಾಗೊ ಸುತ್ತಲಿನ ಕನ್ನಡಿಗರಿಗೆ ನೆನಪಾಗುವುದು ಬಾಲಾಜಿ ದೇವಸ್ಥಾನ, ಗಾಲ್ಫ್ ಅಲ್ಲ. ಆದರೆ ಇದೇ ಊರಿನ ಸ್ಟೋನ್‌ಬ್ರಿಜ್ ಕಂಟ್ರಿ ಕ್ಲಬ್ಬಿನಲ್ಲಿ 2002ರಿಂದ 2004ರವರೆಗೆ ಅಮೆರಿಕದ ಮಹಿಳಾ ವೃತ್ತಿಪರ ಗಾಲ್ಫ್ ಸಂಸ್ಥೆಯಾದ ಎಲ್‌ಪಿಜಿಎಯ ಕೆಲಾಗ್-ಕೀಬ್ಲರ್ ಕ್ಲಾಸಿಕ್ ಟೂರ್ನಿ ನಡೆಯುತ್ತಿತ್ತು. ಮೊದಲ ವರ್ಷ ಸ್ವೀಡನ್ನಿನ ಅನಿಕಾ ಸೊರೆನ್‌ಸ್ಟಾಮ್ 11 ಹೊಡೆತಗಳ ಅಂತರದಲ್ಲಿ ಗೆದ್ದರು. ಮರುವರ್ಷವೂ ಅವರದೇ ಗೆಲುವು, ಮೂರನೆಯ ವರ್ಷ ಆಸ್ಟ್ರೇಲಿಯಾದ ಕ್ಯಾರಿ ವೆಬ್. ಅಲ್ಲಿಗೆ ಟೂರ್ನಿಯ ಕಥೆ ಮುಗಿಯಿತು. ಸೊರೆನ್‌ಸ್ಟಾಮ್‌ರಂಥವರು ಬಂದು ಆಡಿದ ಟೂರ್ನಿಗೇ ಮೂರು ವರ್ಷದ ಆಯುಷ್ಯವೆಂದರೆ, ಇಂಥ ವೃತ್ತಿಯಲ್ಲಿ ಒಬ್ಬ ಆಟಗಾರ್ತಿ ವರ್ಷದಿಂದ ವರ್ಷಕ್ಕೆ ತನ್ನ ಜಾಗ ಉಳಿಸಿಕೊಳ್ಳುವುದು ಸಣ್ಣ ಮಾತಲ್ಲ. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರನ್ನು ಅಳೆಯಬೇಕಾದದ್ದು ಈ ಅಳತೆಗೋಲಿನಿಂದ. ನಾವು ಮಾತ್ರ ಅವರನ್ನು ಟೋಕಿಯೊ ಒಲಿಂಪಿಕ್ಸಿನ ಒಂದು ಬೆಳಗ್ಗೆಗೆ ಕಟ್ಟಿಹಾಕಿದ್ದೇವೆ.

ಅದಿತಿ ಹುಟ್ಟಿದ್ದು 1998ರ ಮಾರ್ಚ್ 29ರಂದು. ಐದನೆಯ ವಯಸ್ಸಿನಲ್ಲಿ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನಲ್ಲಿ ಕ್ಲಬ್ ಹಿಡಿದರು. ಮನೆತನದಿಂದ ಬಂದ ಆಟವೇನೂ ಅಲ್ಲ. ಆ ಕೋರ್ಸಿನ ಪಕ್ಕದ ಹೋಟೆಲಿನಲ್ಲಿ ತಿಂಡಿಗೆ ಕೂತ ಮನೆಯವರು, ಅತ್ತ ಚೆಂಡು ಹೊಡೆಯುತ್ತಿದ್ದವರ ಗಲಾಟೆ ಕೇಳಿ ಎದ್ದು ಹೋದರಂತೆ. 2015ರ ಡಿಸೆಂಬರಿನಲ್ಲಿ, 17ರ ವಯಸ್ಸಿನಲ್ಲಿ, ಯುರೋಪಿನ ಮಹಿಳಾ ಟೂರಿನ ಅರ್ಹತಾ ಟೂರ್ನಿ ಗೆದ್ದರು. ಅಷ್ಟು ಚಿಕ್ಕವರು ಅದನ್ನು ಅದುವರೆಗೆ ಗೆದ್ದಿರಲಿಲ್ಲ. 2016ರ ಹೊಸ ವರ್ಷಕ್ಕೆ ವೃತ್ತಿಪರರಾದರು. ಅದೇ ವರ್ಷ ರಿಯೊ ಒಲಿಂಪಿಕ್ಸ್, ನವೆಂಬರಿನಲ್ಲಿ ಇಂಡಿಯನ್ ಓಪನ್ ಗೆಲುವು, ಬೆನ್ನಿಗೇ ಕತಾರಿನಲ್ಲೂ ಗೆಲುವು. ಯುರೋಪಿನ ಆ ಟೂರಿಗೆ ಸೇರಿದ ಟೂರ್ನಿಯೊಂದನ್ನು ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ. 2017ರಿಂದ ಎಲ್‌ಪಿಜಿಎ.

ಟೋಕಿಯೊಗೆ ಬರೋಣ, ಅಲ್ಲಿ ನೋಡಬೇಕಾದದ್ದು ಬಹಳವಿದೆ. 2021ರ ಆಗಸ್ಟ್, ಕಾಸುಮಿಗಸೆಕಿ ಕಂಟ್ರಿ ಕ್ಲಬ್. ಅದಿತಿಯವರ ವಿಶ್ವ ರ‍್ಯಾಂಕಿಂಗ್ 200. ಅದೇ ವರ್ಷ ಕೋವಿಡ್ ಬಂದು ಹೋಗಿತ್ತು. ಬ್ಯಾಗ್ ಹೊತ್ತವರು ತಾಯಿ ಮಹೇಶ್ವರಿ; ರಿಯೊದಲ್ಲಿ ಆ ಕೆಲಸ ತಂದೆಯದಾಗಿತ್ತು. ಟೀಯಿಂದ ಹೊಡೆದ ಚೆಂಡು ಜೊತೆಯವರ ಚೆಂಡಿಗಿಂತ ಎಷ್ಟೋ ಗಜ ಹಿಂದೆಯೇ ಬೀಳುತ್ತಿತ್ತು. ಜೊತೆ ಆಡುತ್ತಿದ್ದ ಅಮೆರಿಕದ ನೆಲ್ಲಿ ಕೊರ್ಡಾ ಚಿಕ್ಕ ಐರನ್ ತೆಗೆಯುವಲ್ಲಿ ಅದಿತಿ ಹೈಬ್ರಿಡ್ ಅಥವಾ ಫೇರ್‌ವೇ ವುಡ್ ಹಿಡಿದು, ದೂರದಿಂದಲೇ ಗ್ರೀನಿನ ಮೇಲೆ ಚೆಂಡು ಕೂರಿಸಬೇಕು. ಅಂತರ ತುಂಬುತ್ತಿದ್ದದ್ದು ಪಟ್ಟರ್, ಗ್ರೀನಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್. ನಾಲ್ಕು ಸುತ್ತು: 67, 66, 68, 68. ಮೂರು ಸುತ್ತಿನ ಕೊನೆಗೆ ಎರಡನೇ ಸ್ಥಾನದಲ್ಲಿದ್ದರು. ಕೊನೆಯ ದಿನ ಇನ್ನೆರಡು ಹೋಲ್ ಇರುವಾಗ ಗುಡುಗು-ಮಿಂಚಿಗೆ ಆಟ ನಿಂತಿತು. ಮತ್ತೆ ಶುರುವಾದಾಗ 18ನೇ ಹೋಲಿನ ಬರ್ಡಿ ಪಟ್ ಒಳಗೆ ಬೀಳಲಿಲ್ಲ. 15 ಅಂಡರ್ ಪಾರ್, ನಾಲ್ಕನೇ ಸ್ಥಾನ; ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ಗಾಲ್ಫ್ ಎಂದರೇನೆಂದು ಕೇಳದವರೂ ಅಂದು ಮುಂಜಾನೆ ಎದ್ದು ಟಿವಿ ಹಾಕಿದರು, ನೊಂದುಕೊಂಡರು, ಮರುದಿನ ಮರೆತರು.

ಮರೆತ ಮೇಲೂ ಅವರ ಕೆಲಸ ನಡೆದೇ ಇತ್ತು. ಈ ಕೆಲಸಕ್ಕೆ ತಿಂಗಳ ಸಂಬಳವಿಲ್ಲ. ಸಾಮಾನ್ಯವಾಗಿ ಗುರುವಾರ ಶುರುವಾಗುವ ಟೂರ್ನಿಯಲ್ಲಿ ಎರಡು ಸುತ್ತಾದ ಮೇಲೆ ಕಟ್ ಬೀಳುತ್ತದೆ, ಹೆಚ್ಚುಕಡಿಮೆ ಅರ್ಧ ಜನ ಗಂಟುಮೂಟೆ ಕಟ್ಟುತ್ತಾರೆ. ಅವರಿಗೆ ಸಾಮಾನ್ಯವಾಗಿ ಬಹುಮಾನದ ಹಣದಲ್ಲಿ ಪಾಲಿಲ್ಲ; ವಿಮಾನ, ಹೋಟೆಲು, ಕ್ಯಾಡಿಯ ಖರ್ಚು ಮಾತ್ರ ತಪ್ಪುವುದಿಲ್ಲ. ವರ್ಷದ ಕೊನೆಗೆ ಪಾಯಿಂಟ್ ಪಟ್ಟಿಯಲ್ಲಿ ಕೆಳಗಿಳಿದರೆ ಟೂರಿನಲ್ಲಿ ಆಡುವ ಹಕ್ಕಾದ ಟೂರ್ ಕಾರ್ಡ್ ಹೋಗುತ್ತದೆ, ಮತ್ತೆ ಅರ್ಹತಾ ಟೂರ್ನಿಯ ಬಾಗಿಲು. ಚೆಂಡನ್ನು ದೂರ ಹೊಡೆಯುವವರ ಈ ಕಾಲದಲ್ಲಿ, ಹತ್ತಿರ ಹೊಡೆಯುವ ಒಬ್ಬರು ಪಟ್ಟರ್ ನಂಬಿ ಇಲ್ಲಿ ಬಾಳಿದ್ದಾರೆ ಎಂಬುದೇ ನನ್ನ ವಾದದ ತಿರುಳು. ಎಲ್‌ಪಿಜಿಎಯಲ್ಲಿ ಅವರು ಗೆದ್ದಿಲ್ಲವಲ್ಲ ಎನ್ನಬಹುದು. ನಿಜ, 2023ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪ್ಲೇಆಫ್‌ವರೆಗೆ ಹೋಗಿ ಆಸ್ಟ್ರೇಲಿಯಾದ ಹ್ಯಾನಾ ಗ್ರೀನ್‌ಗೆ ಸೋತರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಏಳು ಹೊಡೆತಗಳ ಮುನ್ನಡೆ ಇಟ್ಟುಕೊಂಡು ಕೊನೆಯ ದಿನ 77 ಆಡಿ ಬೆಳ್ಳಿಗೆ ಇಳಿದರು. ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಆದರೆ ಯುರೋಪಿನ ಟೂರಿನಲ್ಲಿ 2017ರ ಅಬುಧಾಬಿಯ ಗೆಲುವಿನ ನಂತರ ಐದು ವರ್ಷಕ್ಕೂ ಹೆಚ್ಚು ಕಾಲ ಒಂದೂ ಟ್ರೋಫಿ ಕಾಣದೆ, 2023ರ ಫೆಬ್ರುವರಿಯಲ್ಲಿ ಕೀನ್ಯಾದಲ್ಲಿ ಒಂಬತ್ತು ಹೊಡೆತಗಳಿಂದ ಗೆದ್ದು, ನವೆಂಬರಿನಲ್ಲಿ ಸ್ಪೇನಿನಲ್ಲೂ ಗೆದ್ದದ್ದು ಇದೇ ಅದಿತಿ. ನಡುವಿನ ಆ ಐದು ವರ್ಷಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಹುಡುಕಿದರೆ ಟೋಕಿಯೊ ಬಿಟ್ಟು ಸಿಗುವುದು ಅಷ್ಟಕ್ಕಷ್ಟೇ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಇದು ಉಳ್ಳವರ ಆಟ, ತಂದೆ-ತಾಯಿ ಬೆನ್ನಿಗೆ ನಿಂತು ದೇಶದೇಶ ಸುತ್ತುವುದು ಎಷ್ಟು ಮನೆಗಳಿಗೆ ಸಾಧ್ಯ? ಒಪ್ಪಬೇಕಾದ ಮಾತು. ಬೆಂಗಳೂರಿನಲ್ಲಿ ಗಾಲ್ಫ್ ಎಂದರೆ ಸದಸ್ಯತ್ವದ ಗೇಟು. 1876ರ ಬೆಂಗಳೂರು ಗಾಲ್ಫ್ ಕ್ಲಬ್ಬಿನಿಂದ ಹಿಡಿದು ಅದೇ ಕ್ರಮ. ಅರೋರಾದಲ್ಲಿ ಫಿಲಿಪ್ಸ್ ಪಾರ್ಕ್ ಕೋರ್ಸ್ ಊರಿನದೇ, ಆರ್ಚರ್ಡ್ ವ್ಯಾಲಿ ಅಲ್ಲಿನ ಸಾರ್ವಜನಿಕ ಉದ್ಯಾನ ಸಂಸ್ಥೆಯಾದ ಪಾರ್ಕ್ ಡಿಸ್ಟ್ರಿಕ್ಟಿನದು. ಶುಲ್ಕ ಕೊಟ್ಟು ಯಾರು ಬೇಕಾದರೂ ಆಡಬಹುದು. ಹಾಗಾಗಿ ಅದಿತಿಯವರ ಯಶಸ್ಸು ಬೆಂಗಳೂರಿನ ವ್ಯವಸ್ಥೆಗೆ ಸಿಕ್ಕ ಸರ್ಟಿಫಿಕೇಟ್ ಅಲ್ಲ, ಅದರ ಹೊರತಾಗಿಯೂ ಆದದ್ದು. ಆದರೆ ಬಾಗಿಲು ತೆರೆದಿರುವ ಅರೋರಾದಲ್ಲೂ ಅನಿವಾಸಿ ಮನೆಗಳ ಮಕ್ಕಳ ಕೈಗೆ ಗಾಲ್ಫ್ ಕ್ಲಬ್ ಬರುವುದು ಹೆಚ್ಚಾಗಿ ಕಾಲೇಜಿನ ಅರ್ಜಿಯಲ್ಲಿ ಒಂದು ಸಾಲು ತುಂಬಲಿಕ್ಕೆ, ಬಹಳವಾದರೆ ವಿದ್ಯಾರ್ಥಿವೇತನಕ್ಕೆ. ಆ ದಾರಿಯ ತುತ್ತತುದಿಯೂ ಪಕ್ಕದಲ್ಲೇ ಇತ್ತು. ಅರೋರಾಕ್ಕೆ ಅಂಟಿಕೊಂಡಿರುವ ಶುಗರ್ ಗ್ರೋವ್‌ನ ರಿಚ್ ಹಾರ್ವೆಸ್ಟ್ ಫಾರ್ಮ್ಸ್‌ನಲ್ಲಿ 2017ರಲ್ಲಿ ಅಮೆರಿಕದ ಕಾಲೇಜು ಗಾಲ್ಫಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿ ಆಡಿದವರ ವಯಸ್ಸಿನವರೇ ಆದ ಅದಿತಿ ಆ ವರ್ಷ ಕಾಲೇಜಿನ ಅಂಗಿಯಿಲ್ಲದೆ ಎಲ್‌ಪಿಜಿಎಯ ಮೊದಲ ವರ್ಷ ಕಳೆಯುತ್ತಿದ್ದರು. ಅದೇ ಬೇಸಿಗೆಯಲ್ಲಿ ಮಹಿಳೆಯರ ಮೇಜರ್ ಟೂರ್ನಿಯೊಂದು ಷಿಕಾಗೊ ದಕ್ಷಿಣದ ಒಲಿಂಪಿಯಾ ಫೀಲ್ಡ್ಸ್‌ಗೆ, ಮರುವರ್ಷ ಕೆಂಪರ್ ಲೇಕ್ಸ್‌ಗೆ ಬಂದಿತ್ತು. ಎರಡೂ ಅರೋರಾದಿಂದ ಕಾರಿನಲ್ಲಿ ಹೋಗಿ ಬರುವಷ್ಟೇ ದೂರ. ಮುಂದೆ ಯಾವತ್ತಾದರೂ ಅಂಥದೊಂದು ಟೂರ್ನಿ ಆ ಕಡೆ ಬಂದರೆ, ಟ್ರೋಫಿ ಕೊಡುವ ಭಾನುವಾರಕ್ಕೆ ಕಾಯದೆ, ಅಲ್ಲಿನ ಕನ್ನಡಿಗರು ಮಕ್ಕಳನ್ನು ಕಟ್ ಬೀಳುವ ಶುಕ್ರವಾರ ಮಧ್ಯಾಹ್ನ ಕರೆದುಕೊಂಡು ಹೋಗಲಿ.