ಸೋಸಲೆಯಲ್ಲಿ ಎಷ್ಟು ಅಕ್ಷರ? ಪಿಎಚ್‌ಪಿಯ 30 ವರ್ಷ ಮತ್ತು ಕನ್ನಡ

ತಿರುಮಕೂಡಲು ನರಸೀಪುರದ ಬಳಿಯ ಸೋಸಲೆಯ ಹೆಸರನ್ನು ಹಾಳೆಯ ಮೇಲೆ ಬರೆದರೆ 3 ಅಕ್ಷರ. ಒಂದನೇ ತರಗತಿಯ ಮಗುವೂ ಬೆರಳು ಮಡಚಿ ಹೇಳುವ ಲೆಕ್ಕ ಇದು. ಅದೇ ಹೆಸರನ್ನು ಕನ್ನಡ ವಿಕಿಪೀಡಿಯದ ಯಾವುದಾದರೂ ಪುಟಕ್ಕೆ ಸೇರಿಸಿ ಉಳಿಸಿ, ಆ ಪುಟದ ಇತಿಹಾಸ ತೆರೆದು ನೋಡಿದರೆ ಪುಟ 15ರಷ್ಟು ಬೆಳೆದಿದೆ ಎಂದು ಹಸಿರು ಅಂಕಿ ಹೇಳುತ್ತದೆ. ಮಗುವಿನ ಲೆಕ್ಕ ತಪ್ಪಲ್ಲ, ಯಂತ್ರದ ಲೆಕ್ಕವೂ ತಪ್ಪಲ್ಲ. ಎಣಿಸುತ್ತಿರುವ ವಸ್ತು ಬೇರೆ ಬೇರೆ, ಅಷ್ಟೆ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹುಟ್ಟುಗುಣವಿದೆ, ಅದರ ಅತಿ ದೊಡ್ಡ ಸೋಲಿದೆ, ಇನ್ನೂ ಮುಗಿಯದ ಒಂದಿಷ್ಟು ಕೆಲಸವೂ ಇದೆ.

ವಿಕಿಪೀಡಿಯವನ್ನು ನಡೆಸುವ ತಂತ್ರಾಂಶದ ಹೆಸರು ಮೀಡಿಯಾವಿಕಿ. ಅದನ್ನು ಬರೆದಿರುವುದು ಪಿಎಚ್‌ಪಿಯಲ್ಲಿ. 2001ರಲ್ಲಿ ಶುರುವಾದ ವಿಕಿಪೀಡಿಯ ಮೊದಲು ಪರ್ಲ್ ಭಾಷೆಯ ಪುಟ್ಟ ತಂತ್ರಾಂಶದ ಮೇಲೆ ನಡೆಯುತ್ತಿತ್ತು. 2002ರ ಜನವರಿಯಲ್ಲಿ ಪಿಎಚ್‌ಪಿಗೆ ಬಂತು. ಮರುವರ್ಷವೇ, 2003ರ ಜೂನ್‌ನಲ್ಲಿ, ಕನ್ನಡ ವಿಕಿಪೀಡಿಯ ಹುಟ್ಟಿತು. ಇಂದು ಅದರಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. 2005ರಲ್ಲಿ ಹರಿಪ್ರಸಾದ್ ನಾಡಿಗರು ಕಟ್ಟಿದ ‘ಸಂಪದ’ ನಿಂತದ್ದು ದ್ರುಪಲ್ ಮೇಲೆ, ಅದೂ ಪಿಎಚ್‌ಪಿಯೇ. ಕನ್ನಡದ ಎಷ್ಟೋ ಬ್ಲಾಗುಗಳು, ಸುದ್ದಿತಾಣಗಳು ವರ್ಡ್‌ಪ್ರೆಸ್ ಮೇಲಿವೆ, ಅದೂ ಪಿಎಚ್‌ಪಿ. ಸರ್ವರ್‌ನಲ್ಲಿ ಯಾವ ಭಾಷೆ ಓಡುತ್ತಿದೆ ಎಂದು ಪತ್ತೆಯಾಗುವ ಜಾಲತಾಣಗಳನ್ನು ಲೆಕ್ಕ ಹಾಕಿದರೆ ಜಗತ್ತಿನ ಸುಮಾರು ಮುಕ್ಕಾಲು ಪಾಲು ಇದರದ್ದೇ. ಜಾಲದಲ್ಲಿ ಕನ್ನಡ ಓದುವವರು ಹೆಸರು ಕೇಳಿಲ್ಲದಿದ್ದರೂ ದಿನವೂ ಇದರ ನೆರವು ಪಡೆಯುತ್ತಿದ್ದಾರೆ.

ಇಷ್ಟೆಲ್ಲ ಹೊತ್ತಿರುವ ಭಾಷೆಯನ್ನು ಯಾರೂ ಯೋಜನೆ ಹಾಕಿ ಕಟ್ಟಲಿಲ್ಲ. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತನ್ನ ಸ್ವವಿವರದ ಪುಟವನ್ನು ಯಾರು ಯಾರು ನೋಡುತ್ತಿದ್ದಾರೆ ಎಂದು ತಿಳಿಯಲು ಸಿ ಭಾಷೆಯಲ್ಲಿ ಕೆಲವು ಸಣ್ಣ ಸಾಧನಗಳನ್ನು ಬರೆದುಕೊಂಡ. 1995ರ ಜೂನ್‌ನಲ್ಲಿ ಅವನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಪಿಎಚ್‌ಪಿ ಎಂದರೆ ಆಗ ‘ಪರ್ಸನಲ್ ಹೋಮ್ ಪೇಜ್’, ಅಂದರೆ ಸ್ವಂತದ ಮನೆಪುಟ ಎಂದಷ್ಟೇ ಅರ್ಥ. ಇಸ್ರೇಲಿನ ವಿದ್ಯಾರ್ಥಿಗಳಾದ ಆಂಡಿ ಗುಟ್‌ಮನ್ಸ್ ಮತ್ತು ಝೀವ್ ಸುರಾಸ್ಕಿ ಅದರ ಒಳಗನ್ನು ಹೊಸದಾಗಿ ಬರೆದ ಮೇಲೆ, 1998ರ 3ನೇ ಆವೃತ್ತಿಯಲ್ಲಿ, ಅದು ನಿಜವಾದ ಭಾಷೆಯಾಯಿತು. 2000ದಲ್ಲಿ 4, 2004ರಲ್ಲಿ 5.

ಇದರ ಕೆಲಸದ ಬಗೆ ಸರಳ. ಅಚ್ಚಾದ ಲಗ್ನಪತ್ರಿಕೆಯಲ್ಲಿ ಅತಿಥಿಯ ಹೆಸರಿಗೆ ಜಾಗ ಬಿಟ್ಟಿರುತ್ತಾರಲ್ಲ, ಹಾಗೆ ಪುಟದ ಮಾದರಿಯಲ್ಲಿ ಅಲ್ಲಲ್ಲಿ ಜಾಗ ಬಿಟ್ಟು, ಆ ಜಾಗವನ್ನು ತುಂಬುವ ಆದೇಶಗಳನ್ನು ಅಲ್ಲೇ ಬರೆಯುವುದು. ಓದುಗ ಪುಟ ಕೇಳಿದಾಗ ಸರ್ವರ್ ಆ ಆದೇಶಗಳನ್ನು ನಡೆಸಿ, ತುಂಬಿದ ಪುಟವನ್ನು ಬ್ರೌಸರ್‌ಗೆ ಕಳುಹಿಸುತ್ತದೆ. ಪುಟ ಹೋದೊಡನೆ ಎಲ್ಲವನ್ನೂ ಮರೆತು, ಮುಂದಿನ ಕೋರಿಕೆಗೆ ಮೊದಲಿನಿಂದ ಶುರುಮಾಡುತ್ತದೆ. ಈ ಮರೆವೇ ಅದರ ಬಲ. ಒಂದು ಪುಟದಲ್ಲಿ ತಪ್ಪಾದರೆ ಇನ್ನೊಂದು ಪುಟ ಕೆಡುವುದಿಲ್ಲ. ಒಂದೇ ಸರ್ವರ್‌ನಲ್ಲಿ ನೂರಾರು ತಾಣಗಳನ್ನು ಅಗ್ಗದಲ್ಲಿ ಇಡಬಹುದು. ದೊಡ್ಡ ಕಂಪನಿಯ ಬೆಂಬಲವಿಲ್ಲದ ಕನ್ನಡ ತಾಣಗಳು 2000ದ ದಶಕದಲ್ಲಿ ತಲೆಯೆತ್ತಲು ಈ ಅಗ್ಗದ ಬಾಡಿಗೆ ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ.

ಈಗ 15ರ ಲೆಕ್ಕಕ್ಕೆ ಬರೋಣ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅದರಲ್ಲಿ ವ್ಯಂಜನಕ್ಕೊಂದು ಸಂಕೇತ, ಗುಣಿತ ಚಿಹ್ನೆಗೆ ಇನ್ನೊಂದು. ‘ಸೋಸಲೆ’ ಎಂದರೆ ಸ, ಓತ್ವ, ಸ, ಲ, ಎತ್ವ: ಒಟ್ಟು 5 ಸಂಕೇತ. ಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಬರಹಪದ್ಧತಿಯಲ್ಲಿ ಇಂಗ್ಲಿಷಿನ ಪ್ರತಿ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ 3 ಬೇಕು. ಐದು ಮೂರಲ ಹದಿನೈದು. ಲೆರ್ಡಾರ್ಫ್‌ನ ಪುಟದಲ್ಲಿ ಅಕ್ಷರವೂ ಬೈಟೂ ಒಂದೇ ಆಗಿದ್ದರಿಂದ ಪಿಎಚ್‌ಪಿ ಬೈಟುಗಳನ್ನೇ ಅಕ್ಷರ ಎಂದು ತಿಳಿದು ಬೆಳೆಯಿತು. ಉದ್ದ ಅಳೆಯುವ ‘ಸ್ಟ್ರ್‌ಲೆನ್’ ಎಂಬ ಅದರ ಮೂಲ ಆದೇಶಕ್ಕೆ ಸೋಸಲೆ ಕೊಟ್ಟರೆ ಈಗಲೂ ಬರುವ ಉತ್ತರ 15.

ಇದರ ಪರಿಣಾಮವನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಸುದ್ದಿಯ ತಲೆಬರಹವನ್ನು ಇಷ್ಟು ಉದ್ದಕ್ಕೆ ಕತ್ತರಿಸು ಎಂದು ಪ್ರೋಗ್ರಾಮರ್ ಬರೆದಿರುತ್ತಾನೆ. ಕತ್ತರಿ ಅಕ್ಷರದ ನಡುವೆ ಬೀಳುತ್ತದೆ. ಸೋಸಲೆಯನ್ನು 10ನೇ ಬೈಟಿಗೆ ಕತ್ತರಿಸಿದರೆ ‘ಸೋಸ’ ಉಳಿದು, ‘ಲ’ದ ಮೂರನೇ ಒಂದು ಭಾಗ ಅನಾಥವಾಗುತ್ತದೆ. ಬ್ರೌಸರ್ ಅದನ್ನು ಓದಲಾರದೆ ಪ್ರಶ್ನೆ ಚಿಹ್ನೆಯಿರುವ ಕಪ್ಪು ವಜ್ರಾಕೃತಿ ತೋರಿಸುತ್ತದೆ. ಇನ್ನೊಂದು ಕಾಟ ದತ್ತಸಂಚಯದಿಂದ ಬರುತ್ತಿತ್ತು. ಪಿಎಚ್‌ಪಿಯ ಜೊತೆಗಾರ ಮೈಎಸ್‌ಕ್ಯೂಎಲ್ 2018ರ 8ನೇ ಆವೃತ್ತಿಯವರೆಗೂ, ಬೇರೆ ಹೇಳದಿದ್ದರೆ, ಪಶ್ಚಿಮ ಯುರೋಪಿನ ಲಿಪಿಯನ್ನೇ ಮೂಲವೆಂದು ಹಿಡಿಯುತ್ತಿತ್ತು. ಆಗ ಕನ್ನಡದ ಪುಟ ತುಂಬ ತಲೆಯ ಮೇಲೆ ಗೀಟಿರುವ ರೋಮನ್ ಅಕ್ಷರ, ಅದರ ಪಕ್ಕದಲ್ಲಿ ಪುಟಾಣಿ 2 ಅಥವಾ 3. ಕನ್ನಡದ ಎಲ್ಲ ಸಂಕೇತಗಳ ಮೊದಲ ಬೈಟ್ ಒಂದೇ, ಎರಡನೆಯದು ಎರಡರಲ್ಲೊಂದು. ಅವೇ ಆ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ. ಹಾಳಾದದ್ದು ಕನ್ನಡದ ಪಠ್ಯವೇ ಎಂದು ಆ ಪುಟಾಣಿ ಅಂಕಿಗಳಿಂದ ಗುರುತು ಹಿಡಿಯಬಹುದು.

ಸಣ್ಣ ಅನ್ಯಾಯಗಳೂ ಇದ್ದವು. ವಿಕಿಪೀಡಿಯದ ಲೇಖನದ ಶೀರ್ಷಿಕೆಗೆ 255 ಬೈಟ್ ಮಿತಿ ಇದೆ. ಇಂಗ್ಲಿಷಿಗೆ ಅದು 255 ಅಕ್ಷರ, ಕನ್ನಡಕ್ಕೆ 85 ಸಂಕೇತ. ಬದಲಾವಣೆಯ ಸಾರಾಂಶ ಬರೆಯುವ ಚೌಕಕ್ಕೂ ಹಿಂದೆ ಇದೇ ಮಿತಿಯಿತ್ತು. 2018ರಲ್ಲಿ ಅದನ್ನು 500 ಸಂಕೇತಗಳೆಂದು ಬದಲಿಸಿದಾಗ ಮೊದಲ ಬಾರಿಗೆ ಎಲ್ಲ ಲಿಪಿಗಳಿಗೂ ಒಂದೇ ಅಳತೆ ಸಿಕ್ಕಿತು.

ಇದನ್ನೆಲ್ಲ ಬುಡದಿಂದಲೇ ಸರಿಪಡಿಸುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. 2005ರಲ್ಲಿ ಆಂಡ್ರೇ ಝ್ಮಿಯೆವ್‌ಸ್ಕಿಯ ಮುಂದಾಳತ್ವದಲ್ಲಿ ಪಿಎಚ್‌ಪಿ 6ರ ಕೆಲಸ ಶುರುವಾಯಿತು. ಭಾಷೆಯ ಒಳಗೆ ಪ್ರತಿಯೊಂದು ಪಠ್ಯವೂ ಯುಟಿಎಫ್-16ರಲ್ಲೇ ಇರಬೇಕು ಎಂಬುದು ತೀರ್ಮಾನ. ಆ ಪದ್ಧತಿಯಲ್ಲಿ ಕನ್ನಡದ ಸಂಕೇತಕ್ಕೆ 2 ಬೈಟ್. ಸೋಸಲೆ 10ಕ್ಕೆ ಇಳಿಯುತ್ತಿತ್ತು. ಆದರೆ ಇಂಗ್ಲಿಷಿನ ಪ್ರತಿ ಅಕ್ಷರವೂ 1ರಿಂದ 2 ಬೈಟಿಗೆ ಉಬ್ಬುತ್ತಿತ್ತು. ಹೊರಗಿನಿಂದ ಬಂದ ಪಠ್ಯವನ್ನು ಒಳಗೆ ಬಿಡುವಾಗ ಒಮ್ಮೆ, ಹೊರಗೆ ಕಳಿಸುವಾಗ ಇನ್ನೊಮ್ಮೆ ಪರಿವರ್ತಿಸಬೇಕಾಗಿ ವೇಗ ಕುಸಿಯಿತು. ಸಾವಿರಾರು ಆದೇಶಗಳನ್ನು ತಿದ್ದಿ ಬರೆಯುವ ಕೆಲಸಕ್ಕೆ ಕೈಗಳು ಸಾಲಲಿಲ್ಲ. 2010ರ ಮಾರ್ಚಿನಲ್ಲಿ ಯೋಜನೆಯನ್ನು ಕೈಬಿಟ್ಟರು. ಅಷ್ಟರಲ್ಲಿ ಪಿಎಚ್‌ಪಿ 6ರ ಬಗ್ಗೆ ಪುಸ್ತಕಗಳೇ ಅಚ್ಚಾಗಿದ್ದವು. ಗೊಂದಲ ಬೇಡವೆಂದು ಮುಂದಿನ ದೊಡ್ಡ ಆವೃತ್ತಿಗೆ ನೇರವಾಗಿ 7 ಎಂದು ಹೆಸರಿಟ್ಟರು. ಆ ಸೋಲನ್ನು ಸೌಮ್ಯವಾಗಿ ನೋಡಲು ನನಗೆ ಮನಸ್ಸಾಗುವುದಿಲ್ಲ. ಭಾಷೆಯೊಂದು ನಮ್ಮಂಥ ಲಿಪಿಗಳನ್ನು ಹುಟ್ಟಿನಿಂದಲೇ ತನ್ನದೆಂದು ಒಪ್ಪಿಕೊಳ್ಳುವ ಅವಕಾಶ ಅಲ್ಲಿ ತಪ್ಪಿಹೋಯಿತು.

ಉಳಿದದ್ದು ಪಕ್ಕದ ದಾರಿ. ಬಹುಬೈಟ್ ಲಿಪಿಗಳಿಗಾಗಿ ಜಪಾನಿನ ಪ್ರೋಗ್ರಾಮರ್‌ಗಳು ಪಿಎಚ್‌ಪಿ 4ರ ಕಾಲದಲ್ಲೇ ‘ಎಂಬಿಸ್ಟ್ರಿಂಗ್’ ಎಂಬ ವಿಸ್ತರಣೆ ಬರೆದಿದ್ದರು. ಅದರ ಅಳತೆಗೋಲಿಗೆ ಸೋಸಲೆ 5. 2009ರ 5.3ನೇ ಆವೃತ್ತಿಯೊಂದಿಗೆ ‘ಇಂಟ್ಲ್’ ಬಂತು. ಕಣ್ಣಿಗೆ ಕಾಣುವ ಅಕ್ಷರವನ್ನು ಎಣಿಸುವ ಅದರ ‘ಗ್ರಾಫೀಮ್’ ಆದೇಶಕ್ಕೆ ಸೋಸಲೆ 3. ಕೊನೆಗೂ ಮಗುವಿನ ಲೆಕ್ಕ. ಆದರೆ ಈ ಆದೇಶವನ್ನು ಪ್ರೋಗ್ರಾಮರ್ ನೆನಪಿಟ್ಟು ಕರೆಯಬೇಕು. ಮರೆತರೆ ಮತ್ತೆ 15.

ಇಷ್ಟಕ್ಕೇ ಮುಗಿಯುವುದಿಲ್ಲ. ಓತ್ವವನ್ನು ಯೂನಿಕೋಡ್ ಎರಡು ಬಗೆಯಲ್ಲಿ ಒಪ್ಪುತ್ತದೆ: ಒಂದೇ ಸಂಕೇತವಾಗಿ, ಇಲ್ಲವೇ ಎತ್ವ, ಕೊಂಬಿನಿಳಿ, ದೀರ್ಘ ಎಂದು ಬಿಡಿಸಿದ ಮೂರು ಸಂಕೇತವಾಗಿ. ಹಳೆಯ ಮ್ಯಾಕ್ ಕಂಪ್ಯೂಟರ್‌ಗಳು ಕಡತದ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿದ್ದವು. ಪರದೆಯ ಮೇಲೆ ಎರಡೂ ಸೋಸಲೆಯೇ. ಒಳಗೆ ಒಂದು 15 ಬೈಟ್, ಇನ್ನೊಂದು 21. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಮೀಡಿಯಾವಿಕಿ ಈ ವಿಷಯದಲ್ಲಿ ಎಚ್ಚರವಾಗಿದೆ. ಒಳಬರುವ ಪಠ್ಯವನ್ನೆಲ್ಲ ಕೂಡಿಸಿದ ರೂಪಕ್ಕೆ ತಂದೇ ಉಳಿಸುತ್ತದೆ. ಯಾವ ತಾಣದಲ್ಲಿ ಕನ್ನಡ ಹುಡುಕಾಟ ಸರಿಯಾಗಿದೆಯೋ ಅಲ್ಲಿ ಇಂಥದ್ದೊಂದು ಜಾಗ್ರತೆ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ.

ಅಕಾರಾದಿಯಲ್ಲೂ ಇದೇ ಕಥೆ. ನಂಜನಗೂಡು ತಾಲ್ಲೂಕಿನ ಕಳಲೆ, ಕವಲಂದೆ ಎರಡನ್ನೂ ಪಟ್ಟಿ ಮಾಡುವಾಗ ವರ್ಣಮಾಲೆ ಬಲ್ಲವರು ಕವಲಂದೆಯನ್ನು ಮೊದಲು ಬರೆಯುತ್ತಾರೆ, ಏಕೆಂದರೆ ನಮ್ಮಲ್ಲಿ ಳಕಾರ ಹಕಾರದ ಆಚೆ ಬರುತ್ತದೆ. ಯೂನಿಕೋಡ್ ಕೋಷ್ಟಕದಲ್ಲಿ ಮಾತ್ರ ಳ ಕೂತಿರುವುದು ಲ ಮತ್ತು ವಗಳ ನಡುವೆ. ಪಿಎಚ್‌ಪಿಯ ಸಾದಾ ವಿಂಗಡಣೆ ಕೋಷ್ಟಕವನ್ನೇ ನಂಬಿ ಕಳಲೆಯನ್ನು ಮುಂದಿಡುತ್ತದೆ. ಕನ್ನಡದ ಕ್ರಮ ತಿಳಿದ ‘ಕೊಲೇಟರ್’ ಇಂಟ್ಲ್‌ನೊಳಗೇ ಇದೆ. ಊರುಗಳ, ಮತದಾರರ, ಪುಸ್ತಕಗಳ ಪಟ್ಟಿ ಮಾಡುವ ಯಾರಾದರೂ ಅದನ್ನು ಬಳಸಲೇಬೇಕು.

ಇನ್ನು ವೇಗದ ವಿಷಯ, ಚಿಕ್ಕದಾಗಿ. 2004ರಲ್ಲಿ ಪಿಎಚ್‌ಪಿಯಲ್ಲೇ ಶುರುವಾದ ಫೇಸ್‌ಬುಕ್, ಅದರ ನಿಧಾನಗತಿಗೆ ಬೇಸತ್ತು ಎಚ್‌ಎಚ್‌ವಿಎಂ ಎಂಬ ಬೇರೆ ಎಂಜಿನ್ ಕಟ್ಟಿತು; 2014ರಲ್ಲಿ ‘ಹ್ಯಾಕ್’ ಎಂಬ ಕವಲು ಭಾಷೆಯನ್ನೂ ತಂದಿತು. ವಿಕಿಪೀಡಿಯವೂ ಆ ಎಂಜಿನ್ನಿಗೆ ಹೋಯಿತು. ಈ ಪೈಪೋಟಿ ಮೂಲ ತಂಡವನ್ನು ಬಡಿದೆಬ್ಬಿಸಿತು. 2015ರ ಡಿಸೆಂಬರಿನ ಪಿಎಚ್‌ಪಿ 7 ಅನೇಕ ತಾಣಗಳನ್ನು ಹೆಚ್ಚುಕಡಿಮೆ ಇಮ್ಮಡಿ ವೇಗದಲ್ಲಿ ಓಡಿಸಿತು, 2019ರಲ್ಲಿ ವಿಕಿಪೀಡಿಯ ಮರಳಿ ಬಂತು. 2020ರ ಪಿಎಚ್‌ಪಿ 8, ಓಡುತ್ತಿರುವಾಗಲೇ ಯಂತ್ರಭಾಷೆಗೆ ಅನುವಾದಿಸಿಕೊಳ್ಳುವ ವಿದ್ಯೆ ಕಲಿಯಿತು.

ಆದರೆ 2021ರಲ್ಲಿ ಬೇರೊಂದು ಅಪಾಯ ಬಯಲಾಯಿತು. ಎಂಜಿನ್ನಿನ ಆಳ ಬಲ್ಲವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಅವರಲ್ಲಿ ಮುಖ್ಯನಾದ ನಿಕಿತಾ ಪೊಪೊವ್ ಬೇರೆ ಯೋಜನೆಗೆ ಹೊರಟಾಗ, ಆ ನವೆಂಬರಿನಲ್ಲಿ ಕಂಪನಿಗಳು ಸೇರಿ ಪಿಎಚ್‌ಪಿ ಫೌಂಡೇಶನ್ ಕಟ್ಟಿದವು. ಈಗ ಅದು ಸಂಬಳ ಕೊಟ್ಟು ಪ್ರೋಗ್ರಾಮರ್‌ಗಳನ್ನು ಇರಿಸಿಕೊಂಡಿದೆ. ಪ್ರತಿ ವರ್ಷದ ಕೊನೆಗೆ ಹೊಸ ಆವೃತ್ತಿ ಬರುತ್ತದೆ. ಪುಟಕ್ಕೊಮ್ಮೆ ಮರೆಯುವ ಹಳೆಯ ಅಭ್ಯಾಸವೂ ಸಡಿಲವಾಗುತ್ತಿದೆ. 2025ರಿಂದ ಫೌಂಡೇಶನ್ನಿನ ಬೆಂಬಲ ಪಡೆದಿರುವ ‘ಫ್ರಾಂಕೆನ್‌ಪಿಎಚ್‌ಪಿ’ ಸರ್ವರ್‌ನಲ್ಲಿ ತಂತ್ರಾಂಶ ನೆನಪಿನಲ್ಲೇ ಕಾದು ಕುಳಿತು, ಕೋರಿಕೆಗಳಿಗೆ ಒಂದಾದ ಮೇಲೊಂದರಂತೆ ಉತ್ತರಿಸಬಲ್ಲದು.

ಕನ್ನಡದವರಿಗೆ ಇದಕ್ಕಿಂತ ಮುಖ್ಯವಾದ ಬೆಳವಣಿಗೆ ಮೂಲೆಯಲ್ಲಿ ಆಗುತ್ತಿದೆ. 2024ರ 8.4ರಲ್ಲಿ ಪಠ್ಯವನ್ನು ಕಣ್ಣಿಗೆ ಕಾಣುವ ಅಕ್ಷರಗಳಾಗಿ ಬಿಡಿಸುವ ಆದೇಶ ಬಂತು. 2025ರ ನವೆಂಬರಿನ 8.5ರಲ್ಲಿ ಎರಡು ಪದಗಳು ಎಷ್ಟು ಅಕ್ಷರದಷ್ಟು ದೂರ ಎಂದು ಅಳೆಯುವ ಆದೇಶ. ಕಾಗುಣಿತ ತಿದ್ದುವ ಸಾಧನಕ್ಕೆ ಇದೇ ಬುಡ. ಹಳೆಯ ಬೈಟ್ ಅಳತೆಯಲ್ಲಿ ಕಳಲೆಯನ್ನು ‘ಕಲಲೆ’ ಎಂದು ಬರೆದರೆ 1 ತಪ್ಪು, ನರಸೀಪುರವನ್ನು ‘ನರಸಿಪುರ’ ಎಂದರೆ 2, ನಂಜನಗೂಡನ್ನು ಬರೆಯುವಾಗ ಕೊನೆಯ ಕೊಂಬು ಬಿಟ್ಟರೆ 3. ಹೊಸ ಅಳತೆಯಲ್ಲಿ ಮೂರಕ್ಕೂ 1. ಈ ಎರಡೂ ಆದೇಶಗಳ ಪ್ರಸ್ತಾವ ಬರೆದು, ವಾದಿಸಿ, ಮತಕ್ಕೆ ಹಾಕಿಸಿದವನು ಮತ್ತೆ ಒಬ್ಬ ಜಪಾನಿ ಪ್ರೋಗ್ರಾಮರ್, ಯೂಯಾ ಹಮಾಡಾ. ತಮ್ಮ ಲಿಪಿಗಾಗಿ ಎರಡು ದಶಕದಿಂದ ಪಿಎಚ್‌ಪಿಯ ಸಭೆಯಲ್ಲಿ ಹಾಜರಿರುವ ಜನ ಅವರು. ಅವರ ದುಡಿಮೆಯ ಫಲ ನಮ್ಮ ಅಂಗಳಕ್ಕೂ ಬಿತ್ತು.

ಕನ್ನಡದ್ದೇ ಆದ ಕೆಲಸ ಮಾತ್ರ ಉಳಿದಿದೆ. ಸೋಸಲೆಯೆಂದರೆ ವ್ಯಾಸರಾಜ ಮಠ ನೆನಪಾಗುತ್ತದೆ. ‘ವ್ಯಾಸರಾಜ’ ನಮಗೆ 4 ಅಕ್ಷರ. ಗ್ರಾಫೀಮ್ ಆದೇಶ 5 ಎನ್ನುತ್ತದೆ, ಏಕೆಂದರೆ ಅದು ಒತ್ತಕ್ಷರವನ್ನು ವ್ ಮತ್ತು ಯಾ ಎಂದು ಸೀಳುತ್ತದೆ. ಇದು ಪಿಎಚ್‌ಪಿಯ ದೋಷವಲ್ಲ, ಯೂನಿಕೋಡ್ ನಿಯಮದ್ದು. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರಗಳನ್ನು ಒಂದೇ ಘಟಕವೆಂದು ಎಣಿಸುವ ಹೊಸ ನಿಯಮ ಸೇರಿತು. ಅದು ಅನ್ವಯವಾದ ಲಿಪಿಗಳು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಅಕ್ಕಪಕ್ಕದ ಎರಡು ಲಿಪಿಗಳಿದ್ದ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಯೂನಿಕೋಡ್ ಒಕ್ಕೂಟ ಸಾರ್ವಜನಿಕರ ಪ್ರಸ್ತಾವಗಳನ್ನು ಸ್ವೀಕರಿಸುತ್ತದೆ. ಒತ್ತಕ್ಷರದ ನಡುವೆ ಕರ್ಸರ್ ನಿಲ್ಲಬೇಕೇ, ಅಳಿಸುವಾಗ ಒತ್ತು ಮಾತ್ರ ಹೋಗಬೇಕೇ ಇಡೀ ಅಕ್ಷರವೇ, ಪದ ಮುರಿಯುವಾಗ ಎಲ್ಲಿ ಮುರಿಯಬೇಕು ಎಂಬುದನ್ನು ಅಚ್ಚಾದ ಕನ್ನಡದ ಉದಾಹರಣೆಗಳೊಡನೆ ವಿವರಿಸುವ ಕೆಲಸಕ್ಕೆ ಬೇಕಾದವರು ವ್ಯಾಕರಣ ಬಲ್ಲವರು, ಅಚ್ಚಿನ ಕೆಲಸ ಬಲ್ಲವರು, ಪ್ರೋಗ್ರಾಮರ್‌ಗಳು, ಮೂವರೂ. ಪಿಎಚ್‌ಪಿಯ ಇಂಟ್ಲ್ ಈ ಎಣಿಕೆಗಾಗಿ ಐಸಿಯು ಎಂಬ ತಂತ್ರಾಂಶ ಸಂಗ್ರಹವನ್ನು ನೆಚ್ಚಿಕೊಂಡಿದೆ, ಐಸಿಯು ಯೂನಿಕೋಡ್ ಕೋಷ್ಟಕವನ್ನು. ಕೋಷ್ಟಕದಲ್ಲಿ ಕನ್ನಡದ ವ್ಯಂಜನಗಳ ಮತ್ತು ಅವನ್ನು ಒತ್ತಕ್ಷರವಾಗಿ ಕೂಡಿಸುವ ಹಲಂತ ಚಿಹ್ನೆಯ ಗುಣವಿವರ ಬದಲಾದರೆ ಸಾಕು, ಪಿಎಚ್‌ಪಿಯ ಒಂದು ಸಾಲನ್ನೂ ಮುಟ್ಟದೆ, ಐಸಿಯು ಹೊಸದಾದ ಸರ್ವರ್‌ಗಳಲ್ಲೆಲ್ಲ ವ್ಯಾಸರಾಜ 4 ಅಕ್ಷರವಾಗುತ್ತದೆ.