ಕೇಪಿನ ರಿವಾಲ್ವರ್: ಕಾಲನಿರ್ಣಯದ ಕೆಲವು ಕುರುಹುಗಳು

ಉದಯಗಿರಿಯಿಂದ ಶ್ರೀರಂಗಪಟ್ಟಣವು ಬಹು ದೂರವಿಲ್ಲ. ಆದುದರಿಂದಲೋ ಏನೋ, ಮೈಸೂರಿನ ಈ ಭಾಗದಲ್ಲಿ ಹಳೆಯ ಕೈಕೋವಿಯೊಂದು ಕಣ್ಣಿಗೆ ಬಿದ್ದರೆ ಅದನ್ನು ಟಿಪ್ಪು ಸುಲ್ತಾನನ ಕಾಲದ್ದೆಂದು ಹೇಳಿಬಿಡುವವರುಂಟು. ಒಮ್ಮೆ ವಿದ್ಯಾರ್ಥಿಯೊಬ್ಬನು ಬಂಧುಗಳ ಮನೆಯಲ್ಲಿದ್ದ ತುಕ್ಕುಹಿಡಿದ ರಿವಾಲ್ವರೊಂದರ ಚಿತ್ರವನ್ನು ತಂದು ತೋರಿಸಿ ಇದೇ ಮಾತನ್ನಾಡಿದನು. ಆದರೆ ಕೇಪು ಕೂರಿಸುವ ಸಣ್ಣ ಮೊಳೆಗಳು ಚಿತ್ರದಲ್ಲಿ ಸ್ಪಷ್ಟವಾಗಿದ್ದುವು. ಆ ಮಾತನ್ನು ಅಲ್ಲಗಳೆಯಲು ಅಷ್ಟೇ ಸಾಕು. ಅದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಟಿಪ್ಪುವಿನ ಕಾರ್ಖಾನೆಗಳಲ್ಲಿ ತಯಾರಾದ ಉತ್ತಮ ಪಿಸ್ತೂಲುಗಳು ಚಕಮಕಿ ಕಲ್ಲಿನವು. ಕುದುರೆಯ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿಗೆ ತಾಗಿ ಕಿಡಿ ಹಾರಿಸುವುದು. ಬಟ್ಟಲಿನ ಮದ್ದು ಹೊತ್ತಿ, ಕಿರುರಂಧ್ರದ ಮೂಲಕ ನಳಿಗೆಯೊಳಗಿನ ಮದ್ದನ್ನು ಮುಟ್ಟುವುದು. ಹುಲಿಯ ಮುಖ, ಹುಲಿಪಟ್ಟೆ, ಮೌಲೂದಿ ಶಕದ ವರ್ಷ, ‘ಹೈದರ್’ ಎಂಬ ಹೆಸರಿನ ಅಕ್ಷರಮುದ್ರೆ ಇವು ಅವುಗಳ ಲಕ್ಷಣಗಳು. 1799ರ ಮೇ 4ರಂದು ಕೋಟೆಯು ಶತ್ರುವಶವಾಯಿತು. ಆಘಾತದಿಂದ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಅಳವಡಿಸಿ ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸಿತ್ ಹಕ್ಕುಪತ್ರ ಪಡೆದುದಾದರೋ 1807ರಲ್ಲಿ. ತಾಮ್ರದ ಕೇಪು ಬಳಕೆಗೆ ಬಂದುದು ಇನ್ನೂ ತಡವಾಗಿ. ಆದಕಾರಣ ಕೇಪಿನಿಂದಲೇ ಸಿಡಿಯುವಂತೆ ನಿರ್ಮಿತವಾದ ಯಾವ ಆಯುಧವೂ ಟಿಪ್ಪುವಿನದಾಗಿರಲಾರದು.

ಕೇಪಿನ ರಿವಾಲ್ವರಿನಲ್ಲಿ ಐದಾರು ಕೋಣೆಗಳುಳ್ಳ ಉರುಳೆಯೊಂದಿರುತ್ತದೆ. ಪ್ರತಿ ಕೋಣೆಗೂ ಮುಂದಿನಿಂದ ಮದ್ದನ್ನೂ ಗುಂಡನ್ನೂ ತುಂಬಿ, ಹಿಂದಿನ ಟೊಳ್ಳು ಮೊಳೆಗೆ ಕೇಪನ್ನು ತೊಡಿಸಬೇಕು. ಸ್ಯಾಮ್ಯುಯೆಲ್ ಕೋಲ್ಟನು 1836ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದ ಮಾದರಿಯಲ್ಲಿ ಪ್ರತಿ ಸಲವೂ ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆಳೆಯಬೇಕಾಗಿತ್ತು. ಇಂಗ್ಲೆಂಡಿನ ರಾಬರ್ಟ್ ಆಡಮ್ಸನ 1851ರ ಮಾದರಿಯಲ್ಲಿ ಬೆರಳಿನ ಎಳೆತವೊಂದೇ ಉರುಳೆಯನ್ನು ತಿರುಗಿಸಿ ಕುದುರೆಯನ್ನು ಬೀಳಿಸುತ್ತಿತ್ತು. 1855ರಲ್ಲಿ ಬೋಮಾಂಟ್ ಎಂಬ ಸೇನಾಧಿಕಾರಿಯು ಈ ಎರಡು ಕ್ರಮಗಳನ್ನೂ ಒಂದುಗೂಡಿಸಿದನು. ವಿಲಕ್ಷಣ ಮಾದರಿಗಳೂ ಉಂಟು: ನಳಿಗೆಗಳ ಗೊಂಚಲೇ ತಿರುಗುವ ‘ಪೆಪ್ಪರ್‌ಬಾಕ್ಸ್’, ಒಂಬತ್ತು ಗುಂಡುಗಳ ಉರುಳೆಯ ನಡುವೆ ಚರೆ ಹಾರಿಸುವ ಮತ್ತೊಂದು ನಳಿಗೆಯುಳ್ಳ ಲೆ ಮಾ. ಲೋಹದ ತೋಟಾ ಬಳಕೆಗೆ ಬಂದಮೇಲೆ ಇವೆಲ್ಲವೂ ಕ್ರಮೇಣ ಮೂಲೆಗೆ ಸರಿದುವು.

ಈ ರಿವಾಲ್ವರುಗಳ ಕಾಲವು ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ 1831ರಿಂದ 1881ರವರೆಗಿನ ಅವಧಿಯೊಳಗೇ ಬಹುಮಟ್ಟಿಗೆ ಅಡಗಿದೆ. ಆಗಿನ ಬ್ರಿಟಿಷ್ ಸೇನಾಧಿಕಾರಿಗಳು ರಿವಾಲ್ವರನ್ನು ಸ್ವಂತ ಹಣದಿಂದ ಕೊಳ್ಳುತ್ತಿದ್ದುದುಂಟು. ಇಲ್ಲಿ ದೊರೆಯುವ ಇಂತಹ ಆಯುಧಕ್ಕೆ ಅರಮನೆಗಿಂತ ಬೆಂಗಳೂರಿನ ದಂಡಿನ ಪ್ರದೇಶವನ್ನು ಮೂಲವಾಗಿ ಊಹಿಸುವುದು ಹೆಚ್ಚು ಯುಕ್ತ. ಆದರೆ ಊಹೆಯೇ ಪ್ರಮಾಣವಾಗಲಾರದು.

ಒಂದು ಅಪವಾದವನ್ನು ಇಲ್ಲಿ ಗಮನಿಸಬೇಕು. ಅನೇಕ ಚಕಮಕಿ ಪಿಸ್ತೂಲುಗಳನ್ನು ಅನಂತರ ಕೇಪಿಗೆ ಪರಿವರ್ತಿಸಲಾಯಿತು. ಬಟ್ಟಲನ್ನು ತೆಗೆದ ಸ್ಥಳದಲ್ಲಿ ಮುಚ್ಚಿದ ತಿರುಪಿನ ರಂಧ್ರಗಳು, ಕಿರುರಂಧ್ರದೆಡೆಯಲ್ಲಿ ಬೆಸೆದ ಮೊಳೆ, ಬೇರೆ ಕೈಯ ಕೆಲಸದ ಕುದುರೆ ಇವು ಅದರ ಗುರುತುಗಳು. ಇಂತಹುದರ ನಳಿಗೆಯು ಹದಿನೆಂಟನೆಯ ಶತಮಾನದ್ದಾಗಿರಬಹುದು. ಅದನ್ನು ‘ಮೂಲರೂಪಕ್ಕೆ’ ತರುವೆವೆಂದು ಮತ್ತೆ ಚಕಮಕಿ ಜೋಡಿಸಿದರೆ ಎರಡು ಕಾಲಗಳ ಸಾಕ್ಷ್ಯದಲ್ಲಿ ಒಂದನ್ನು ಅಳಿಸಿದಂತಾಗುವುದು. ತುಕ್ಕನ್ನು ಉಜ್ಜಿ ಹೊಳಪು ಕೊಡುವುದೂ ಅಷ್ಟೇ ಅಪಾಯಕರ: ಬರ್ಮಿಂಗ್‌ಹ್ಯಾಮ್ ಅಥವಾ ಲಂಡನ್ನಿನ ಪರೀಕ್ಷಾಮುದ್ರೆ, ಭಾಗಗಳ ಮೇಲಿನ ಕ್ರಮಸಂಖ್ಯೆ ಇವು ಸವೆದುಹೋದರೆ ಆಯುಧವು ಮೂಕವಾಗುತ್ತದೆ.

ಸಂಗ್ರಾಹಕರು ಕಾನೂನನ್ನೂ ಮರೆಯಬಾರದು. 1959ರ ಶಸ್ತ್ರಾಸ್ತ್ರ ಅಧಿನಿಯಮದ 45ನೆಯ ಪ್ರಕರಣವು ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಕೋವಿಗೆ ವಿನಾಯಿತಿ ನೀಡುವುದು, ಅದು ದುರಸ್ತಿ ಮಾಡಿದರೂ ಹಾರಲಾರದಂತಿದ್ದಾಗ ಮಾತ್ರ. ನೂರು ವರ್ಷ ದಾಟಿದ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಅಧಿನಿಯಮವು ನಿಷೇಧಿಸಿದೆ.

ಆ ವಿದ್ಯಾರ್ಥಿಗೆ ನಾನು ಹೇಳಿದುದಿಷ್ಟು: ಮೊದಲು ಪರವಾನಗಿ ಅಧಿಕಾರಿಗಳನ್ನು ವಿಚಾರಿಸಿರಿ, ಆಯುಧವನ್ನು ಉಜ್ಜಬೇಡಿರಿ, ಅದು ಮನೆಗೆ ಬಂದ ಬಗೆಯನ್ನು ಹಿರಿಯರಿಂದ ಕೇಳಿ ಬರೆದಿಡಿರಿ. ಟಿಪ್ಪುವಿನ ಹೆಸರು ಹೋದುದಕ್ಕೆ ಅವನು ಸ್ವಲ್ಪ ಖಿನ್ನನಾದನು. ಆದರೆ ಇತಿಹಾಸದ ವಿದ್ಯಾರ್ಥಿಗೆ ದೊಡ್ಡ ಹೆಸರಿನ ಸುಳ್ಳಿಗಿಂತ ಹೆಸರಿಲ್ಲದ ಸತ್ಯವೇ ಮೇಲು.